ಕಂಪ್ಯೂಟರಿನ ಮಡಿ

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬೇಡಿ, ಮಠದ ಬೀದಿಯವರ ಮುಂದಂತೂ ಬೇಡವೇ ಬೇಡ.

ವಾಸುದೇವಾಚಾರ್ರ ಸೊಸೆ ವೈಜಯಂತಿ ಮನೆಯಲ್ಲೇ ಲಗ್ನಪತ್ರಿಕೆ ಮಾಡಿಕೊಡುವವಳು. ಕಂಪ್ಯೂಟರಿಗೆ ವೈರಸ್ ಹೊಕ್ಕು, ಮಾಡಿಟ್ಟ ಪತ್ರಿಕೆಗಳೆಲ್ಲ ಹಾಳಾದವು. ರಿಪೇರಿಯವನು ಬಂದು ವೈರಸ್ ತೆಗೆದು, "ಹೊರಗಿನ ಪೆನ್‌ಡ್ರೈವ್ ಹಾಕಲೇಬೇಡಿ" ಅಂತ ಹೇಳಿ ಹೋದ. ಅವನು ಗೇಟು ದಾಟುವಷ್ಟರಲ್ಲಿ ಮಾವ ಪ್ರತ್ಯಕ್ಷ. ಕೈಯಲ್ಲಿ ಪಕ್ಕದ ಮನೆ ಗುಂಡಾಚಾರ್ರ ಪೆನ್‌ಡ್ರೈವ್. ಮೊದಲು ವೈರಸ್ ಹೊತ್ತು ತಂದದ್ದೂ ಅದೇ!

"ಹಾಕು ಇದನ್ನ. ದೇವರನಾಮ ಕೇಳಬೇಕು. ಈ ಮನೇಲಿ ನನ್ನ ಮಾತು ನಡೀಬೇಕು."

ಬೇಡ ಅನ್ನೋ ಹಾಗಿಲ್ಲ, ಹಾಕಿದರೆ ಹೊಟ್ಟೆಪಾಡು ಹೋಯಿತು. ವೈಜಯಂತಿ ಸೆರಗು ಸರಿಮಾಡಿಕೊಂಡಳು.

"ಕಂಪ್ಯೂಟರ್ ಈಗ ಮಡಿಯಲ್ಲಿದೆ ಮಾವ. ಇದು ಎಲ್ಲೆಲ್ಲಿ ಸುತ್ತಿ ಬಂತೋ?"

"ಮಿಲಿಟರಿ ಹೋಟೆಲ್ ಪಕ್ಕದ ಮೊಬೈಲ್ ಅಂಗಡೀಲಿ ಗುಂಡ ಹಾಡು ತುಂಬಿಸಿದನಂತೆ..."

ಮಾಂಸದ ಹೋಟೆಲಿನ ಹೆಸರು ತಮ್ಮ ಬಾಯಲ್ಲೇ ಬಂದದ್ದು ಆಚಾರ್ರಿಗೆ ಆಗ ಹೊಳೆಯಿತು. ಪೆನ್‌ಡ್ರೈವನ್ನು ಎರಡೇ ಬೆರಳಲ್ಲಿ ಹಿಡಿದು "ಸೊಸೆಯ ಕಂಪ್ಯೂಟರಿಗೆ ಇದು ಮೈಲಿಗೆ" ಅಂತ ಕೂಗಿ ಗುಂಡಾಚಾರ್ರ ಜಗುಲಿಗೆ ಎಸೆದು ಬಂದು, ತಲೆಗೆ ನೀರು ಹುಯ್ದುಕೊಂಡರು.

ಸಂಜೆ ಗುಂಡಾಚಾರ್ರೇ ಬಂದರು. ನೀರು ತೊಟ್ಟಿಕ್ಕುತ್ತಿದ್ದ ಪೆನ್‌ಡ್ರೈವ್ ಚಾಚಿ ವೈಜಯಂತಿಯ ಮುಖಕ್ಕೇ ಹೇಳಿದರು:

"ತಗೋ ತಾಯಿ, ಇನ್ನು ತಕರಾರು ತೆಗೀಬೇಡ. ಹಂಡೆ ಬಿಸಿನೀರಲ್ಲಿ ಅದ್ದಿ, ಸೀಗೆಪುಡಿ ಹಾಕಿ ಉಜ್ಜಿ ತಂದಿದೀನಿ!"