ನೂರನೆಯ ಮಂಕರಿ

"ಗುರುಗಳೇ, ಒಂದು ತಪ್ಪಿಗೆ ಎಷ್ಟು ಶಿಕ್ಷೆ ಕೊಟ್ಟರೆ ಸಾಕು?" ಎಂದು ಚನ್ನವೀರಯ್ಯ ಕೇಳಿದನು.

ಅವನು ಒಂದು ಸರ್ಕಾರಿ ಬಸ್ ಡಿಪೋದ ಮುಖ್ಯಸ್ಥ. ಅವನ ಕೈಕೆಳಗಿನ ಚಾಲಕನೊಬ್ಬ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸದೆ ಹೋಗಿದ್ದರಿಂದ ಒಬ್ಬ ಹುಡುಗಿಗೆ ಪರೀಕ್ಷೆ ತಪ್ಪಿತ್ತು. ಚಾಲಕ ತಪ್ಪೊಪ್ಪಿಕೊಂಡಿದ್ದನು. ಎರಡು ವರ್ಷ ಅವನ ವೇತನ ಬಡ್ತಿ ತಡೆದದ್ದೂ ಆಗಿತ್ತು. ಆದರೂ ಅವನನ್ನು ಕಂಡಾಗಲೆಲ್ಲ ಚನ್ನವೀರಯ್ಯನ ಮೈ ಉರಿಯುತ್ತಿತ್ತು. ಅದೇ ತಪ್ಪಿಗೆ ಅವನನ್ನು ಕೆಲಸದಿಂದಲೇ ವಜಾ ಮಾಡುವ ಆದೇಶ ಬರೆಸಿ ಚೀಲದಲ್ಲಿಟ್ಟುಕೊಂಡಿದ್ದನು. ಸಹಿಯೊಂದು ಬಾಕಿ. ಚಾಲಕನ ನಿವೃತ್ತಿಗೆ ಒಂದೇ ವರ್ಷವಿತ್ತು. ವಜಾ ಆದರೆ ಮುಪ್ಪಿಗೆ ದಿಕ್ಕಿರಲಿಲ್ಲ. ಇದನ್ನೆಲ್ಲ ಅವನು ಮುಚ್ಚುಮರೆಯಿಲ್ಲದೆ ಹೇಳಿದನು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದನು. ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಒಮ್ಮೆ ಅವನು ತೂಬು ಮುಚ್ಚಲು ಮರೆತನು. ಒಬ್ಬ ರೈತನ ಸಸಿಮಡಿಗಳೆಲ್ಲ ಕೊಚ್ಚಿಹೋದವು.

ಆ ಊರಲ್ಲೊಂದು ಕಟ್ಟಳೆಯಿತ್ತು. ತಪ್ಪು ಮಾಡಿದ ನೀರುಗಂಟಿ ಕೆರೆಯ ಏರಿಗೆ ನೂರು ಮಂಕರಿ, ಎಂದರೆ ನೂರು ಬುಟ್ಟಿ, ಮಣ್ಣು ಹೊರಬೇಕು. ನಷ್ಟವಾದವನೇ ನಿಂತು ಎಣಿಸಬೇಕು. ನೂರನೆಯ ಮಂಕರಿಯನ್ನು ಅವನೇ ಕೈಕೊಟ್ಟು ಇಳಿಸಿ ಬೋರಲು ಹಾಕಬೇಕು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ.

ಹೊಸದಾಗಿ ಬಂದಿದ್ದ ಅಮಲ್ದಾರನಿಗೆ ಇದು ಮಕ್ಕಳಾಟವಾಗಿ ಕಂಡಿತು. ನೂರು ಮುಗಿದು ರೈತ ಮಂಕರಿಗೆ ಕೈ ಚಾಚಿದಾಗ ಅವನು ಅಡ್ಡ ಬಂದು, "ಇನ್ನೂ ಹೊರಲಿ. ನಾನು ಸಾಕು ಅನ್ನುವ ತನಕ ಹೊರಲಿ" ಎಂದನು.

ನೀರುಗಂಟಿ ಎದುರಾಡಲಿಲ್ಲ. ವಯಸ್ಸಾದವನು, ಹೊರುತ್ತಲೇ ಹೋದನು. ಹೊತ್ತು ಇಳಿಯುವ ವೇಳೆಗೆ ಏರಿಯ ಮೇಲೆ ಕುಸಿದುಬಿದ್ದನು. ಮತ್ತೆ ಏಳಲಿಲ್ಲ.

ಅಮಲ್ದಾರ ಓಡಿಬಂದನು. "ಎಷ್ಟಾಗಿತ್ತು?" ಎಂದು ರೈತನನ್ನು ಕೇಳಿದನು.

"ನೂರಾಗಿತ್ತು ಬುದ್ಧಿ. ಆಮ್ಯಾಕೆ ನಾನು ಎಣಿಸ್ಲಿಲ್ಲ. ನನ್ ಸಿಟ್ಟು ಅಲ್ಲಿಗೇ ಇಳೀತು. ಮಿಕ್ಕಿದ್ದೆಲ್ಲ ಇವ್ನು ಹೊತ್ತಿದ್ದು ನಿಮ್ ಸಿಟ್ಟು."

ರೈತ ಬಿದ್ದಿದ್ದ ಮಂಕರಿಯನ್ನು ಎತ್ತಿ ಬೋರಲು ಹಾಕಿದನು.

ಕತೆ ಮುಗಿಯಿತು. ಚನ್ನವೀರಯ್ಯನಿಗೆ ತಡೆಯಲಾಗಲಿಲ್ಲ. "ಎಂಥ ಪಾಪಿ ಆ ಅಮಲ್ದಾರ!" ಎಂದನು.

ಗುರುಗಳು ಅವನ ಚೀಲದ ಕಡೆ ನೋಡಿದರು.

"ಅದರಲ್ಲಿರುವುದು ಎಷ್ಟನೆಯ ಮಂಕರಿ, ಚನ್ನವೀರಯ್ಯ?"