ಬೋರಕ್ಕನ ಗೋಮಾಳ

ಊರ ಗೋಮಾಳ ಕಾಯುತ್ತಿದ್ದವಳು ಬೋರಕ್ಕ. ಹುಲ್ಲು ಬೀಜ ಉದುರಿಸುವವರೆಗೂ ಅರ್ಧ ಗೋಮಾಳಕ್ಕೆ ಬೇಲಿ ಹಾಕಿ, ಯಾರ ದನವನ್ನೂ ಒಳಗೆ ಬಿಡುತ್ತಿರಲಿಲ್ಲ. ಒಂದು ದಿನ ಪುಟ್ಟಸ್ವಾಮಿಗೌಡರು ತಮ್ಮ ನಲವತ್ತು ದನ ಹೊಡೆದುಕೊಂಡು ಬಂದು ಗುಡುಗಿದರು: "ನನ್ನ ದನಕ್ಕೂ ಬೇಲಿಯೇನೇ? ತೆಗಿ!"

ಬೋರಕ್ಕ ತಕ್ಷಣ ಬೇಲಿಗೆ ಕೈಹಾಕಿದಳು. "ಆಗಲಿ ಗೌಡ್ರೇ. ಈಗಲೇ ಮೇಯ್ದುಬಿಟ್ರೆ ಬೇಸಿಗೇಲಿ ಇಲ್ಲಿ ಬರೀ ಮಣ್ಣು. ಆಗ ಊರ ಮುನ್ನೂರು ದನಕ್ಕೆ ಕಾಣೋ ಹಸಿರು ಅಂದ್ರೆ ಪಕ್ಕದ ನಿಮ್ಮ ಕಬ್ಬಿನ ಗದ್ದೆ ಒಂದೇ. ನನ್ನ ಕೈಲಿರೋದು ಒಂದು ಕೋಲು. ಯಾವುದನ್ನ ಅಂತ ತಡೀಲಿ?"

ಗೌಡರು ಕಬ್ಬಿನತ್ತ ನೋಡಿದರು. ಅಷ್ಟರಲ್ಲಿ ಅವರದೇ ಎತ್ತೊಂದು ಬೇಲಿಯ ಸಂದಿಯಲ್ಲಿ ಕತ್ತು ತೂರಿಸಿತು. ಗೌಡರು ಓಡಿಹೋಗಿ ಅದರ ಬಾಲ ಹಿಡಿದು ಎಳೆದರು.

"ಮುಚ್ಚೇ ಬೇಲಿ! ಯಾರ ದನಾನೂ ಬಿಡಬೇಡ!"

"ಸ್ವಲ್ಪ ಜೋರಾಗಿ ಹೇಳಿ ಗೌಡ್ರೇ, ಊರಿಗೂ ಕೇಳಿಸಲಿ" ಎಂದಳು ಬೋರಕ್ಕ.

ಗೌಡರು ಬಾಲ ಬಿಡದೆಯೇ ಇನ್ನೊಮ್ಮೆ ಕೂಗಿದರು.