ನಲವತ್ತೆಂಟನೆಯ ದಿನದ ಮಾತು

ಹೊಳೆದಂಡೆಯ ಆಶ್ರಮದಲ್ಲಿ ದಿನವೂ ಬೆಳಿಗ್ಗೆ ಊರವರಿಗೆ ಪುರಾಣ ಓದುತ್ತಿದ್ದವಳು ಶಿಷ್ಯೆ ಸಾವಂತ್ರಮ್ಮ. ಅಕ್ಷರವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ತಾನೇ ಕಲಿತಿದ್ದಳು. ತನ್ನದು ಎಂದು ಅವಳಿಗಿದ್ದದ್ದು ಆ ಓದು ಒಂದೇ.

ಒಮ್ಮೆ ಪಟ್ಟಣದ ಡಾಕ್ಟರು ಅವಳ ವಸಡು ಕೊಯ್ದು ಹೊಲಿಗೆ ಹಾಕಿದರು. ಹದಿನೈದು ದಿನಕ್ಕೆ ಗಾಯ ಮಾಯಿತು. ನೋವು ಮಾಯಲಿಲ್ಲ. ತುಟಿ ಅಲುಗಿದರೆ ಸಾಕು, ಎಡದವಡೆಯಿಂದ ಕಿವಿಯವರೆಗೆ ಕರೆಂಟು ಹೊಡೆದ ಹಾಗೆ.

"ಹೊಲಿಗೆ ಚೆನ್ನಾಗಿ ಕೂಡಿದೆಯಲ್ಲಮ್ಮ. ಇದು ನರದ ನೋವು. ಕೆಲವರಿಗೆ ಉಳಿದುಬಿಡುತ್ತೆ," ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು.

ಅವಳು ಯಾರಿಗೂ ಹೇಳಲಿಲ್ಲ. ಎರಡು ವರ್ಷ ನುಂಗಿಕೊಂಡೇ ಓದಿದಳು. ಒಂದು ದಿನ ಪುಸ್ತಕ ಬಿಚ್ಚಿದಳು, ಬಾಯಿ ಬಿಡಲಾಗದೆ ಮುಚ್ಚಿದಳು.

"ಮೌನವ್ರತ ಹಿಡಿದಳು!" ಎಂದ ಗಾಣದ ರುದ್ರಪ್ಪ.

ಅವಳು ಅಲ್ಲ ಎನ್ನಲಿಲ್ಲ.

ಅಂದಿನಿಂದ ಜನ ಅವಳ ಕಾಲಿಗೆ ಬೀಳತೊಡಗಿದರು. ಓದುವಾಗ ತೂಕಡಿಸುತ್ತಿದ್ದವರೇ ಈಗ ಅವಳೆದುರು ಕಣ್ಣು ಮಿಟುಕಿಸದೆ ಕೂತರು. ಹೊಳೆಯ ಗಾಳಿ ತಾಗದಂತೆ ಅವಳು ಕೆನ್ನೆಗೆ ಸೆರಗು ಒತ್ತಿಕೊಂಡರೆ, ಅದೂ ವ್ರತದ ನಿಯಮವಿರಬೇಕೆಂದು ಮೂವರು ಹೆಂಗಸರು ಹಾಗೆಯೇ ಸೆರಗು ಒತ್ತಿಕೊಂಡರು.

ಆ ಆಶ್ರಮದಲ್ಲಿ ಒಂದು ರೂಢಿ. ನಲವತ್ತೆಂಟನೆಯ ದಿನ ಗುರುವೇ ನಾಲಿಗೆಗೆ ಜೇನು ಸವರಿ ಮೌನ ಬಿಡಿಸಬೇಕು. ಆಗ ಹೊರಬೀಳುವ ಮೊದಲ ಮಾತು ಸೇರಿದವರಿಗೆಲ್ಲ ಆಶೀರ್ವಾದ.

ಆ ದಿನ ಅಂಗಳ ತುಂಬಿತು. ಗುರು ಚಿಕ್ಕತಾಯಮ್ಮ ಜೇನಿನ ಬಟ್ಟಲು ಹಿಡಿದು ಬಂದರು. ಸಾವಂತ್ರಮ್ಮ ಒಂದು ಒಳ್ಳೆಯ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡು ಬಾಯಿ ತೆರೆದಳು.

ಜೇನು ಎಡಕ್ಕೆ ಹರಿಯಿತು.

"ಹಾಳಾಗಿ ಹೋಗ್ಲಿ!" ಎಂದು ಕಿರುಚಿದಳು.

ರುದ್ರಪ್ಪ ಕೈಮುಗಿದ. "ಆಹಾ! ನಮ್ಮ ಅಹಂಕಾರ ಹಾಳಾಗಲಿ ಅಂತ. ಎಂಥಾ ಮಾತು ತಾಯಿ!"

"ನಿನ್ನ ಅಹಂಕಾರ ಕಟ್ಟಿಕೊಂಡು ನನಗೇನಯ್ಯ? ನನ್ನ ವಸಡು! ವ್ರತಾನೂ ಇಲ್ಲ, ಮಣ್ಣೂ ಇಲ್ಲ. ಬಾಯಿ ಬಿಟ್ಟರೆ ಪ್ರಾಣ ಹೋಗುತ್ತೆ, ಅದಕ್ಕೇ ಸುಮ್ಮನಿದ್ದೆ!"

ಮೊದಲು ಎದ್ದವನು ರುದ್ರಪ್ಪನೇ. "ಹಲ್ಲುನೋವಿಗೆ ಅಡ್ಡಬಿದ್ದೆನಲ್ಲಪ್ಪ," ಎಂದು ಗೊಣಗುತ್ತ, ತಾನಿಟ್ಟಿದ್ದ ತೆಂಗಿನಕಾಯಿಯನ್ನು ವಾಪಸು ಎತ್ತಿಕೊಂಡ. ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದರು.

ಅಂಗಳದಲ್ಲಿ ಗುರು, ಶಿಷ್ಯೆ ಇಬ್ಬರೇ ಉಳಿದರು.

"ನಿಮಗೆ ಗೊತ್ತಿತ್ತಾ ಅಮ್ಮ?"

"ನೆನೆಸಿದ ಅವಲಕ್ಕಿಯನ್ನೂ ನೀನು ಬಲಗಡೆಯೇ ಅಗಿಯುತ್ತಿದ್ದೆ. ಗೊತ್ತಾಗದೆ ಇರುತ್ತಾ?"

"ಗೊತ್ತಿದ್ದೂ ಜೇನು ಸವರಿದಿರಿ."

"ಗೊತ್ತಿದ್ದೂ ನೀನು ಬಾಯಿ ತೆರೆದೆ."

ಸಾವಂತ್ರಮ್ಮ ಕೆನ್ನೆ ಹಿಡಿದುಕೊಂಡು ಕೂತಳು. ನೋವು ಸ್ವಲ್ಪ ಇಳಿದ ಮೇಲೆ ಹೇಳಿದಳು: "ಹೇಳಿಕೊಂಡರೆ ಅಯ್ಯೋ ಪಾಪ ಅಂತಾರೆ. ನನಗೆ ಅದು ಬೇಕಿರಲಿಲ್ಲ."

"ಈಗ ಹೇಳಿದೆಯಲ್ಲ. ಒಬ್ಬರಾದರೂ ಅಂದರಾ?"

ಅವಳು ಖಾಲಿ ಚಾಪೆಗಳನ್ನು ನೋಡಿದಳು.

"ಇದು ಯಾವಾಗ ಹೋಗುತ್ತೆ?"

"ಗೊತ್ತಿಲ್ಲ."

"ಹೋಗದೇ ಇದ್ದರೆ, ಇದರಿಂದ ನಾನು ಕಲಿಯಬೇಕಾದದ್ದಾದರೂ ಏನು?"

"ಏನೂ ಇಲ್ಲ. ನೋವು ಮೇಷ್ಟರಲ್ಲ."

"ಮತ್ತೆ ನಾನೇನು ಮಾಡಲಿ?"

ಚಿಕ್ಕತಾಯಮ್ಮ ಒಳಗೆ ಹೋಗಿ ಪುಸ್ತಕ ತಂದು ಅವಳ ಮಡಿಲಲ್ಲಿಟ್ಟರು. "ಓದು. ನೋವು ಬಂದ ಕಡೆ ನಿಲ್ಲಿಸು."

"ಪದಪದಕ್ಕೂ ಬಂದರೆ?"

"ಪದಪದಕ್ಕೂ ನಿಲ್ಲಿಸು."

"ಹಾಗೆ ಓದಿದರೆ ಯಾರು ಕೂತು ಕೇಳುತ್ತಾರೆ ಅಮ್ಮ?"

ಗುರು ಮಂಡಿ ಹಿಡಿದುಕೊಂಡು ಎದುರಿನ ಚಾಪೆಯ ಮೇಲೆ ಕೂತರು.

"ನಾನಿದ್ದೀನಿ. ನನಗೂ ಒಂದು ಕಿವಿ ಕೇಳಿಸಲ್ಲ."